ಸೂಜಿ ಬರೆದ ಲೆಕ್ಕ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಒಂದು ಮನೆಯ ಗ್ಯಾರೇಜು. ಒಳಗೆ 1971ರ ಡಾಟ್ಸನ್ 240ಝಡ್ ಬಾನೆಟ್ ತೆರೆದುಕೊಂಡು ನಿಂತಿದೆ. ಪಕ್ಕದ ಮೇಜಿನಲ್ಲಿ ಹಳೇ ಟವೆಲ್ ಹಾಸಿ, ಅದರ ಮೇಲೆ ಆಗಷ್ಟೇ ಬಿಚ್ಚಿದ ಎರಡು ಕಾರ್ಬೊರೇಟರ್‌ಗಳನ್ನು ಇಟ್ಟಿದ್ದಾರೆ. ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿರುವ ದೊಡ್ಡಪ್ಪ, ಯಾದವಗಿರಿಯ ಜಾವ ಕಾರ್ಖಾನೆಯಲ್ಲಿ ದುಡಿದವರು. ಅದು 1996ರಲ್ಲಿ ಬಾಗಿಲು ಹಾಕಿದ ಮೇಲೆ ಸ್ವಂತ ವರ್ಕ್‌ಶಾಪ್ ನಡೆಸಿದವರು. ಕಾರು ಅವರ ತಮ್ಮನ ಮಗಳದ್ದು.

ದೊಡ್ಡಪ್ಪ: ನಿನ್ನೆ ಸಂಜೆ ತಾನೆ ಸ್ಟಾರ್ಟ್ ಮಾಡಿ ಕೇಳಿಸಿದೆಯಲ್ಲಮ್ಮ. ಆರೂ ಸಿಲಿಂಡರು ಒಂದೇ ಶ್ರುತಿಯಲ್ಲಿ ಹಾಡ್ತಿದ್ವು. ಬೆಳಗಾಗೋದ್ರೊಳಗೆ ಬಿಚ್ಚಿಟ್ಟಿದ್ದೀಯಲ್ಲ!

ಮಗಳು: ತಣ್ಣಗಿದ್ದಾಗ ಹಾಡುತ್ತೆ ದೊಡ್ಡಪ್ಪ. ಬಿಸಿಲಲ್ಲಿ ಒಂದು ಗಂಟೆ ಓಡಿಸಿ, ಪೆಟ್ರೋಲ್ ಬಂಕಲ್ಲಿ ಹತ್ತು ನಿಮಿಷ ನಿಲ್ಲಿಸಿ ನೋಡಿ. ಮತ್ತೆ ಸ್ಟಾರ್ಟ್ ಆಗೋಕೆ ಒದ್ದಾಡುತ್ತೆ. ಈ ಇಂಜಿನ್ನಲ್ಲಿ ಗಾಳಿ ಒಳಗೆ ಹೋಗೋ ದಾರಿ, ಹೊಗೆ ಹೊರಗೆ ಬರೋ ದಾರಿ ಎರಡೂ ಒಂದೇ ಪಕ್ಕದಲ್ಲಿವೆ. ಕೆಳಗೆ ಕೆಂಡದಂತೆ ಕಾಯೋ ಎಕ್ಸಾಸ್ಟ್ ಮ್ಯಾನಿಫೋಲ್ಡು, ಅದರ ನೆತ್ತಿ ಮೇಲೆ ಕಾರ್ಬೊರೇಟರು. ಓಡ್ತಿರೋವಾಗ ಹೊಸ ಪೆಟ್ರೋಲು ಬರ್ತಾ ಇರುತ್ತೆ, ತಂಪಾಗಿರುತ್ತೆ. ಆಫ್ ಮಾಡಿದ್ರೆ ಫ್ಲೋಟ್ ಬಟ್ಟಲಲ್ಲಿ ಉಳಿದ ಪೆಟ್ರೋಲು ಒಲೆ ಮೇಲಿನ ಹಾಲಿನ ಹಾಗೆ ಉಕ್ಕುತ್ತೆ.

ದೊಡ್ಡಪ್ಪ: ಅದಕ್ಕೆ ಮಧ್ಯೆ ಒಂದು ತಗಡು ಕೊಡ್ತಾರೆ. ಅಡಿಗೆ ಶಾಖ ತಡೆಯೋ ದಪ್ಪ ಗ್ಯಾಸ್ಕೆಟ್ ಹಾಕ್ತಾರೆ. ಅದು ಬಿಟ್ಟು ಕಾರ್ಬೊರೇಟರನ್ನೇ ಮನೆಯಿಂದಾಚೆ ಹಾಕಿ, ಕಂಪ್ಯೂಟರ್ ಡಬ್ಬಿ ನಡೆಸೋ ಇಂಜೆಕ್ಷನ್ ಕೂರಿಸೋದಾ?

ಮಗಳು: ತಗಡೂ ಹಾಕಿದೆ, ಗ್ಯಾಸ್ಕೆಟ್ಟೂ ಹಾಕಿದೆ. ಅರ್ಧ ವಾಸಿ ಆಯ್ತು. ಈಗಿನ ಪೆಟ್ರೋಲಲ್ಲಿ ಇಲ್ಲಿ ನೂರಕ್ಕೆ ಹತ್ತು ಭಾಗ ಎಥೆನಾಲ್ ಬೆರೆಸ್ತಾರೆ. ಈ ಕಾರ್ಬೊರೇಟರ್ ಹುಟ್ಟಿದ ಕಾಲದ ಪೆಟ್ರೋಲೇ ಬೇರೆ.

ದೊಡ್ಡಪ್ಪ: ನಮ್ಮಲ್ಲಿ ಇಪ್ಪತ್ತಕ್ಕೆ ಬಂದಿದೆ. ಹಳೇ ಯೆಜ್ದಿ ಬೈಕ್ ಇಟ್ಕೊಂಡಿರೋರೆಲ್ಲ ಪೈಪು, ವಾಷರು ಬದಲಾಯಿಸೋಕೆ ಬರ್ತಾರೆ. ಅದು ಸರಿ. ಆದ್ರೆ ನಾನು ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ತಪ್ಪು ಕಾರ್ಬೊರೇಟರದ್ದೇ ಅಂತ ಹೇಗೆ ಗೊತ್ತು? ನನ್ನ ವರ್ಕ್‌ಶಾಪಿಗೆ ಕಾರ್ಬೊರೇಟರ್ ಕಂಪ್ಲೇಂಟ್ ಅಂತ ಬಂದ ಗಾಡಿಗಳಲ್ಲಿ ಎಷ್ಟೋ ಸಲ ಸುಟ್ಟಿರ್ತಿದ್ದದ್ದು ಇಗ್ನಿಷನ್ ಪಾಯಿಂಟು. ಸವೆದ ರಿಂಗು, ಕೂತ ವಾಲ್ವು ಇದ್ದ ಇಂಜಿನ್ನಿಗೆ ಯಾವ ಕಂಪ್ಯೂಟರ್ ಕಟ್ಟಿದ್ರೂ ಅದು ಅದೇ ಇಂಜಿನ್ನೇ.

ಮಗಳು: ಅದನ್ನ ಮೊದಲು ಮುಗಿಸಿದೀನಿ. ಕಂಪ್ರೆಷನ್ ಆರರಲ್ಲೂ ಸಮ ಇದೆ. ವಾಲ್ವ್ ಕ್ಲಿಯರೆನ್ಸ್ ತಣ್ಣಗಿದ್ದಾಗ ಇನ್‌ಲೆಟ್ 0.20 ಮಿಲಿಮೀಟರ್, ಎಕ್ಸಾಸ್ಟ್ 0.25, ಪುಸ್ತಕದಲ್ಲಿರೋ ಹಾಗೆ ಇಟ್ಟಿದೀನಿ. ಪಾಯಿಂಟು, ಟೈಮಿಂಗು ಎಲ್ಲಾ ಸರಿಯಿದೆ. ಉಳಿದದ್ದು ಇದೇ. ನೀವೇ ನೋಡಿ.

ದೊಡ್ಡಪ್ಪ: ಆ ಟಾರ್ಚ್ ಕೊಡು. ಮೇಲಿನ ಗುಮ್ಮಟ ತೆಗೆದ್ರೆ ಪಿಸ್ಟನ್ನು, ಅದರ ತುದಿಗೆ ಸೂಜಿ. ಹೂಂ. ಇಲ್ಲಿ ನೋಡು, ಸೂಜಿಯ ಒಂದು ಮೈಯಲ್ಲಿ ಮಾತ್ರ ಕನ್ನಡಿ ಥರ ಹೊಳೀತಿದೆ. ಉಗುರು ಓಡಿಸು, ಸಿಗುತ್ತಾ?

ಮಗಳು: ಸಣ್ಣ ತಗ್ಗು ಸಿಗ್ತಿದೆ.

ದೊಡ್ಡಪ್ಪ: ಐವತ್ತು ವರ್ಷ ಜೆಟ್ಟಿನ ಗೋಡೆಗೆ ಒರೆಸಿಕೊಂಡು ಮೇಲೆ ಕೆಳಗೆ ಓಡಾಡಿದೆ. ಸೂಜಿ ಇಷ್ಟು ಸವೆದಿದ್ರೆ ಜೆಟ್ಟಿನ ತೂತೂ ಗುಂಡಗಿರಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿರುತ್ತೆ. ಥ್ರಾಟಲ್ ಶಾಫ್ಟ್ ಅಲ್ಲಾಡಿಸಿ ನೋಡು. ಆಡ್ತಿದೆಯಲ್ಲ, ಅಲ್ಲಿಂದ ಗಾಳಿ ಕದೀತಾ ಇದೆ. ಅದಕ್ಕೇ ನಿನ್ನೆ ಸ್ಲೋ ಸ್ಪೀಡಲ್ಲಿ ಒಂದೊಂದು ಸಲ ಏರಿ ಇಳೀತಿತ್ತು. ಆದ್ರೂ ಹೊಸ ಬುಶ್ಶು, ಹೊಸ ಜೆಟ್ಟು, ಹೊಸ ಸೂಜಿ ಹಾಕಿದ್ರೆ ಇದು ಇನ್ನೊಂದು ಐವತ್ತು ವರ್ಷ ಓಡುತ್ತೆ.

ಮಗಳು: ಓಡುತ್ತೆ. ಅದರಲ್ಲಿ ನನಗೆ ಅನುಮಾನವಿಲ್ಲ. ಇದನ್ನ ಎಸೆಯೋಕೆ ನಾನು ಬಿಚ್ಚಲಿಲ್ಲ ದೊಡ್ಡಪ್ಪ. ಈ ಕಾರಲ್ಲಿ ನಾನು ಊರೂರು ತಿರುಗಬೇಕು. ಹೋದ ವರ್ಷ ಯೊಸೆಮಿಟಿ ದಾಟಿ ಟಯೋಗ ಪಾಸಿಗೆ ಹೋಗಿದ್ದೆ. ಸ್ಯಾನ್ ಹೋಸೆ ಇರೋದು ಸಮುದ್ರಮಟ್ಟದಿಂದ ಹೆಚ್ಚು ಕಮ್ಮಿ 25 ಮೀಟರ್ ಎತ್ತರದಲ್ಲಿ. ಟಯೋಗ ಪಾಸು 3,031 ಮೀಟರು. ಅಲ್ಲಿ ಗಾಳಿಯ ಒತ್ತಡ ಕೆಳಗಿನದರ ನೂರಕ್ಕೆ ಎಪ್ಪತ್ತರಷ್ಟು ಮಾತ್ರ. ಗಾಳಿ ತೆಳುವಾದಷ್ಟು ಪೆಟ್ರೋಲು ಕಮ್ಮಿ ಆಗಲಿಲ್ಲ. ಹಿಂದೆ ಕಪ್ಪು ಹೊಗೆ, ಮುಂದೆ ಏರು, ಎರಡನೇ ಗೇರಲ್ಲಿ ತೆವಳಿಕೊಂಡು ಹತ್ತಿದೆ.

ದೊಡ್ಡಪ್ಪ: ಅದು ನಂಗೊತ್ತು. ಊಟಿಗೆ ಹೋಗೋವಾಗ ನಾವು ಮಸಿನಗುಡೀಲಿ ನಿಲ್ಲಿಸ್ತಿದ್ವಿ. ಅಲ್ಲಿಂದ ಕಲ್ಲಟ್ಟಿ ಘಾಟು, ಮೂವತ್ತಾರು ತಿರುವು. ಯೆಜ್ದಿಯ ಜಿಕೋವ್ ಕಾರ್ಬೊರೇಟರಲ್ಲೂ ಸೂಜಿ ಇದೆ. ಅದರ ತಲೆಯಲ್ಲಿ ಗೀರುಗಳು, ಗೀರಿಗೆ ಒಂದು ಪುಟ್ಟ ಕ್ಲಿಪ್ಪು. ಕ್ಲಿಪ್ಪನ್ನ ಒಂದು ಗೀರು ಮೇಲಕ್ಕೆ ಹಾಕಿದ್ರೆ ಸೂಜಿ ಕೆಳಗಿಳಿಯುತ್ತೆ, ಪೆಟ್ರೋಲು ಕಮ್ಮಿಯಾಗುತ್ತೆ. ಗಾಡಿ ಹಗುರವಾಗಿ ಏರುತ್ತೆ. ವಾಪಸ್ ಇಳಿದ ಮೇಲೆ ಮಸಿನಗುಡೀಲೇ ಮತ್ತೆ ಹಳೇ ಗೀರಿಗೆ. ಮರೆತು ಮೈಸೂರಿಗೆ ಬಂದೋರ ಪಿಸ್ಟನ್ನು ಕಾದು ಹಿಡ್ಕೊಂಡಿದ್ದೂ ಉಂಟು.

ಮಗಳು: ಆ ಕ್ಲಿಪ್ಪಿನ ಕೆಲಸವನ್ನ ಈಗ ಹೊರಗಿನ ಗಾಳಿಯ ಒತ್ತಡ ಅಳೆಯೋ ಒಂದು ಸೆನ್ಸರ್ ಮಾಡುತ್ತೆ. ಪ್ರತಿ ತಿರುವಲ್ಲೂ ಸ್ವಲ್ಪ ಸ್ವಲ್ಪ. ಇಳಿಯೋವಾಗ ಮರೆಯೋ ಮಾತೇ ಇಲ್ಲ.

ದೊಡ್ಡಪ್ಪ: ಅಂದ್ರೆ ನಿನ್ನ ಡಬ್ಬಿಯೊಳಗೂ ಒಂದು ಸೂಜಿ ಇದೆ ಅನ್ನು.

ಮಗಳು: ಅದನ್ನೇ ಹೇಳಬೇಕು ಅಂತಿದ್ದೆ. ಈ ಸೂಜಿ ಕೈಯಲ್ಲಿ ಹಿಡಿದು ನೋಡಿ. ಮೇಲೆ ದಪ್ಪ, ಕೆಳಗೆ ಹೋಗ್ತಾ ಸಣ್ಣ. ಆದ್ರೆ ಒಂದೇ ಸಮ ಸಣ್ಣ ಆಗಲ್ಲ. ಎಸ್‌ಯು ಅನ್ನೋ ಈ ಜಾತಿ ಕಾರ್ಬೊರೇಟರಿನ ಸೂಜಿಗಳ ಪಟ್ಟಿಯಲ್ಲಿ ಒಂದೊಂದು ಸೂಜಿಗೂ ಪ್ರತಿ 1/8 ಇಂಚಿಗೆ ವ್ಯಾಸ ಎಷ್ಟು ಅಂತ ಬರೆದಿರ್ತಾರೆ. ಇಂಜಿನ್ ಗಾಳಿ ಎಳೆದಷ್ಟು ಪಿಸ್ಟನ್ ಏಳುತ್ತೆ, ಜೊತೆಗೆ ಸೂಜಿಯೂ ಏಳುತ್ತೆ, ಜೆಟ್ಟಿನ ಸುತ್ತ ಜಾಗ ಬಿಡುತ್ತೆ. ಇಷ್ಟು ಗಾಳಿಗೆ ಇಷ್ಟು ಪೆಟ್ರೋಲು ಅನ್ನೋ ಲೆಕ್ಕ ಹಿತ್ತಾಳೆಯ ಮೈಮೇಲೆ ಇದೆ.

ದೊಡ್ಡಪ್ಪ: ಯಾರು ಯೋಚನೆ ಮಾಡಿದ್ರೋ ಪುಣ್ಯಾತ್ಮರು.

ಮಗಳು: ಇಂಗ್ಲೆಂಡಿನ ಸ್ಕಿನ್ನರ್ ಅಣ್ಣತಮ್ಮಂದಿರು. ಅವರ ಮನೆತನದ್ದು ಚಪ್ಪಲಿ, ಬೂಟಿನ ವ್ಯಾಪಾರ. 1905ರ ಸುಮಾರಿಗೆ ಮಾಡಿದ ಮೊದಲ ಕಾರ್ಬೊರೇಟರಲ್ಲಿ ಪಿಸ್ಟನ್ ಜಾಗದಲ್ಲಿ ಚರ್ಮದ ತಿದಿ ಇತ್ತು. ಸ್ಕಿನ್ನರ್ಸ್ ಯೂನಿಯನ್, ಅದೇ ಎಸ್‌ಯು. ಜಪಾನಿನ ಹಿಟಾಚಿ ಅದೇ ತತ್ವದ ಮೇಲೆ ಡಾಟ್ಸನ್ನಿಗೆ ಇವನ್ನ ಮಾಡಿಕೊಟ್ಟಿತು.

ದೊಡ್ಡಪ್ಪ: ಚರ್ಮದ ಕೆಲಸ ಬಲ್ಲವರಿಗೆ ತಿದಿ ಹೊಳೆದಿದೆ. ಸರಿ, ಇಲ್ಲಿ ನಡುವೆ ಎಣ್ಣೆ ಹಾಕೋ ಕೊಳವೆ ಇದೆಯಲ್ಲ?

ಮಗಳು: ಆ ಎಣ್ಣೆ ಪಿಸ್ಟನ್ ಥಟ್ಟನೆ ಏಳದ ಹಾಗೆ ತಡೆಯುತ್ತೆ. ಆಕ್ಸಿಲರೇಟರ್ ಒಮ್ಮೆಲೇ ತುಳಿದ್ರೆ ಪಿಸ್ಟನ್ ಏಳೋದು ತಡವಾಗಿ, ಆ ಕ್ಷಣ ಜೆಟ್ಟಿನ ಮೇಲೆ ಗಾಳಿಯ ಸೆಳೆತ ಜಾಸ್ತಿಯಾಗಿ, ಒಂದು ಗುಕ್ಕು ಪೆಟ್ರೋಲು ಹೆಚ್ಚು ಬರುತ್ತೆ. ಹೊಸದರಲ್ಲಿ ಥ್ರಾಟಲ್ ಎಷ್ಟು ಬೇಗ ತೆರೀತಿದೆ ಅಂತ ಸೆನ್ಸರ್ ನೋಡಿ ಅಷ್ಟು ಹೆಚ್ಚು ಕೊಡುತ್ತೆ. ಚೋಕ್ ಎಳೆದ್ರೆ ಇಲ್ಲಿ ಜೆಟ್ಟೇ ಕೆಳಗಿಳಿಯುತ್ತೆ. ಅಲ್ಲಿ ಕೂಲಂಟಿನ ಬಿಸಿ ನೋಡಿ ಪೆಟ್ರೋಲು ಕೂಡಿಸ್ತಾರೆ. ಒಂದೊಂದಕ್ಕೂ ಜೋಡಿ ಇದೆ.

ದೊಡ್ಡಪ್ಪ: ಮತ್ತೆ ಈ ಸೂಜಿಗೆ ಜೋಡಿ?

ಮಗಳು: ಲ್ಯಾಪ್‌ಟಾಪ್ ಈ ಕಡೆ ತಿರುಗಿಸ್ತೀನಿ. ಈ ಚೌಕಗಳನ್ನ ನೋಡಿ. ಅಡ್ಡಕ್ಕೆ ಇಂಜಿನ್ನಿನ ಸುತ್ತು, ಉದ್ದಕ್ಕೆ ಥ್ರಾಟಲ್ ಎಷ್ಟು ತೆರೆದಿದೆ ಅನ್ನೋದು. ಹದಿನಾರು ಹದಿನಾರಲಿ 256 ಮನೆ. ಒಂದೊಂದು ಮನೇಲೂ ಒಂದು ಸಂಖ್ಯೆ. ಸೂಜಿಗೆ ಗೊತ್ತಿರೋದು ಒಂದೇ ಪ್ರಶ್ನೆ, ಗಾಳಿ ಎಷ್ಟು ಅಂತ. ಅದರ ಉತ್ತರ ಒಂದು ಗೆರೆ. ಇಲ್ಲಿ ಎರಡು ಪ್ರಶ್ನೆ ಕೇಳಬಹುದು, ಉತ್ತರ ಒಂದು ಹಾಳೆ. ಪ್ರತಿ ಸಿಲಿಂಡರಿನ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದು ಈ ಹಾಳೆಯಿಂದ ಬರುತ್ತೆ. 6,000 ಆರ್‌ಪಿಎಮ್‌ನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡು. ನಾಲ್ಕು ಸ್ಟ್ರೋಕು ಮುಗಿಯೋಕೆ ಎರಡು ಸುತ್ತು, 20 ಮಿಲಿಸೆಕೆಂಡು. ಅಷ್ಟರೊಳಗೆ ತೆರೆದು ಮುಚ್ಚಬೇಕು.

ದೊಡ್ಡಪ್ಪ: ಲೆಕ್ಕ ತಿಳೀತು. ಆದ್ರೆ ಗಾಡಿ ಮಾಡಿದೋರು ಇದನ್ನ ಬಯಸಿದ್ರಾ?

ಮಗಳು: ಬಯಸಿದ್ರು ಅನ್ನೋದಕ್ಕೆ ಅವರ ಕೆಲಸವೇ ಸಾಕ್ಷಿ. 1973ರ ಮಾಡೆಲಿಗೆ ಹೊಗೆ ಕಾನೂನಿಗೋಸ್ಕರ ಬೇರೆ ಕಾರ್ಬೊರೇಟರ್ ಹಾಕಿದ್ರು. ಬಿಸಿಗೆ ಅದು ಇನ್ನೂ ಹೆಚ್ಚು ತೊಂದರೆ ಕೊಡ್ತಿತ್ತು. 1975ರಲ್ಲಿ 280ಝಡ್ ಅಮೆರಿಕಕ್ಕೆ ಬಂದಾಗ ಇದೇ ವಂಶದ ಇಂಜಿನ್ನಿಗೆ ಬಾಷ್ ಕಂಪನಿಯ ಎಲ್-ಜೆಟ್ರಾನಿಕ್ ಇಂಜೆಕ್ಷನ್ ಕೂರಿಸಿದ್ರು.

ದೊಡ್ಡಪ್ಪ: ಬಾಷ್ ಅಂದ್ರೆ ನಮ್ಮ ಆಡುಗೋಡಿ ಮೈಕೋದ ಮೂಲ. ಡೀಸೆಲ್ ಪಂಪು, ನಾಝಲ್ಲು ಅಂದ್ರೆ ನಮ್ಮ ಕಡೆ ಮೈಕೋ ಅಂತಲೇ ಹೆಸರು. ಜಾವ ಕೂಡ 2018ರಲ್ಲಿ ಮತ್ತೆ ಬಂತಲ್ಲ, ಇಂಜೆಕ್ಷನ್ ಹಾಕ್ಕೊಂಡೇ ಬಂತು. ಮೊದಲ ದಿನ ನೋಡಿ ಕಾರ್ಬೊರೇಟರಿನ ಟಿಕ್ಲರ್ ಗುಂಡಿ ಎಲ್ಲಿ ಅಂತ ಕೈ ಹುಡುಕಿತು. ಹಾಗಾದ್ರೆ ನೀನೂ ಆ 280ರ ಮ್ಯಾನಿಫೋಲ್ಡನ್ನೇ ತಂದು ಹಾಕಬಹುದಲ್ಲ?

ಮಗಳು: ಬೋಲ್ಟು ಕೂರುತ್ತೆ. ಆದ್ರೆ ಇಂಜೆಕ್ಟರ್ ಚಿಮ್ಮೋ ಜಾಗದಲ್ಲಿ ನನ್ನ ಸಿಲಿಂಡರ್ ಹೆಡ್ಡಿನ ಬಾಯಿಗೆ ಸಣ್ಣ ಕಚ್ಚು ಕೊರೀಬೇಕು. ಕಾರ್ಬೊರೇಟರ್ ಕಾಲದ ಹೆಡ್ಡಲ್ಲಿ ಅದಿಲ್ಲ.

ದೊಡ್ಡಪ್ಪ: ಕೊರೀಬೇಡ. ಬಿಚ್ಚಿದ್ದನ್ನ ಮತ್ತೆ ಕಟ್ಟಬಹುದು, ಕೊರೆದದ್ದನ್ನ ತುಂಬೋಕಾಗಲ್ಲ.

ಮಗಳು: ಅದಕ್ಕೇ ಬೇರೆ ದಾರಿ ಹಿಡಿದೆ. ಮೂರು ಜೋಡಿ ಥ್ರಾಟಲ್ ಬಾಡಿ, ಒಂದೊಂದು ಸಿಲಿಂಡರಿಗೆ ಒಂದೊಂದು ಬಾಯಿ, ಇಂಜೆಕ್ಟರ್ ಅದರೊಳಗೇ. ಹೆಡ್ಡಿಗೆ ಅರವೂ ಸೋಕಲ್ಲ. ಬೇಡ ಅನಿಸಿದ ದಿನ ಬಿಚ್ಚಿ ಈ ಎರಡು ಕಾರ್ಬೊರೇಟರ್ ವಾಪಸ್ ಹಾಕಬಹುದು.

ದೊಡ್ಡಪ್ಪ: ಇದು ಒಳ್ಳೇದು. ಪೆಟ್ರೋಲ್ ಲೈನು?

ಮಗಳು: ಅಲ್ಲೇ ನಿಜವಾದ ಕೆಲಸ. ಹಳೇ ಪಂಪಿನ ಒತ್ತಡ ಮೂರೂವರೆ, ನಾಲ್ಕು ಪಿಎಸ್‌ಐ. ಇದಕ್ಕೆ 43 ಬೇಕು. ಹಳೇ ರಬ್ಬರ್ ಪೈಪಿಗೆ ಅಷ್ಟು ಒತ್ತಡ ಕೊಟ್ರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ. ಇಂಜೆಕ್ಷನ್ನಿಗೆ ಅಂತಲೇ ಮಾಡಿದ ಹೋಸು, ಸುತ್ತ ಸಮವಾಗಿ ಬಿಗಿಯೋ ಕ್ಲಾಂಪು, ಉಳಿದ ಪೆಟ್ರೋಲು ಟ್ಯಾಂಕಿಗೆ ಮರಳೋ ಲೈನು. ತಿರುವಲ್ಲಿ ಟ್ಯಾಂಕಿನ ಪೆಟ್ರೋಲು ಒಂದು ಪಕ್ಕಕ್ಕೆ ಓಡಿದಾಗ ಪಂಪು ಗಾಳಿ ಕುಡಿಯದಿರಲಿ ಅಂತ ಮಧ್ಯೆ ಪೆಟ್ರೋಲು ತುಂಬಿದ ಒಂದು ಸಣ್ಣ ಟ್ಯಾಂಕು. ಇಂಜಿನ್ ನಿಂತ ಎರಡು ಸೆಕೆಂಡಿಗೆ ಪಂಪೂ ನಿಲ್ಲೋ ಹಾಗೆ ರಿಲೇ. ಅಪಘಾತ ಆಗಿ ಇಂಜಿನ್ ನಿಂತಿದ್ದಾಗ ಪಂಪು ಪೆಟ್ರೋಲು ಸುರೀತಾ ಕೂತಿರಬಾರದು.

ದೊಡ್ಡಪ್ಪ: ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮನಸ್ಸಲ್ಲಿ ಒಂದು ಉಳೀತು. ಒಂದ್ಸಲ ಹುಣಸೂರಿನಿಂದ ರಾತ್ರಿ ಬರ್ತಿದ್ದೆ. ಗಾಡಿ ನಿಂತೋಯ್ತು. ಜೆಟ್ಟಲ್ಲಿ ಕಸ. ರಸ್ತೆ ಬದಿ ಕೂತು, ಬೆಂಕಿಪೊಟ್ಟಣದ ಬೆಳಕೂ ಹಚ್ಚೋ ಹಾಗಿಲ್ಲ, ಪೆಟ್ರೋಲು ಬೇರೆ. ಬೆರಳಲ್ಲೇ ತಡಕಿ ಬಿಚ್ಚಿ, ಬಾಯಲ್ಲಿ ಊದಿ, ಮತ್ತೆ ಹಾಕಿದೆ. ಮನೆ ಸೇರಿದೆ. ನಿನ್ನ ಡಬ್ಬಿ ಟಯೋಗ ಪಾಸಲ್ಲಿ ಕೈಕೊಟ್ರೆ ಏನನ್ನ ಊದ್ತೀಯ?

ಮಗಳು: ಊದೋಕೆ ಆಗಲ್ಲ. ಅದನ್ನ ಒಪ್ಕೋತೀನಿ. ನನ್ನ ಸ್ನೇಹಿತೆಯ ಕಾರಿಗೆ ಒಂದು ವರ್ಕ್‌ಶಾಪಿನೋರು ಹೀಗೇ ಇಂಜೆಕ್ಷನ್ ಹಾಕಿಕೊಟ್ರು. ವೈರೆಲ್ಲ ಒಂದೇ ಕಪ್ಪು ಬಣ್ಣ. ನಕ್ಷೆ ಕೊಡಲಿಲ್ಲ. ಇಸಿಯುಗೆ, ಅಂದ್ರೆ ಆ ಕಂಪ್ಯೂಟರ್ ಡಬ್ಬಿಗೆ, ಪಾಸ್‌ವರ್ಡ್ ಹಾಕಿದ್ರು. ಎರಡು ವರ್ಷಕ್ಕೆ ಆ ವರ್ಕ್‌ಶಾಪ್ ಮುಚ್ಚಿತು. ಒಂದು ಸೆನ್ಸರ್ ಹೋದಾಗ ಯಾವ ವೈರು ಎಲ್ಲಿಗೆ ಹೋಗುತ್ತೆ ಅಂತ ಯಾರಿಗೂ ತಿಳಿಯದೆ ಕಾರು ಮೂಲೆ ಸೇರಿತು. ಅವಳು ಅತ್ತಿದ್ದನ್ನ ನಾನು ನೋಡಿದೀನಿ.

ದೊಡ್ಡಪ್ಪ: ಅದೇ ನನ್ನ ಭಯ ಕಣಮ್ಮ. ಜಿಕೋವ್ ಕಾರ್ಬೊರೇಟರ್ ಬಿಚ್ಚಿ ಮುಂದಿಟ್ರೆ ಅದೇ ಹೇಳಿಕೊಡುತ್ತೆ. ಯಾವ ತೂತು ಎಲ್ಲಿಗೆ ಹೋಗುತ್ತೆ ಕಣ್ಣಿಗೆ ಕಾಣುತ್ತೆ. ಎಂಟನೇ ಕ್ಲಾಸ್ ಓದಿದ ಹುಡುಗರು ನನ್ನ ಹತ್ರ ಬಂದು ಆರು ತಿಂಗಳಲ್ಲಿ ಕಲಿತು ಹೋದ್ರು. ಡಬ್ಬಿ ಬಾಯಿ ಬಿಡಲ್ಲ.

ಮಗಳು: ಬಾಯಿ ಬಿಡೋ ಡಬ್ಬೀನೇ ಆರಿಸಿದೀನಿ. ಮೆಗಾಸ್ಕ್ವರ್ಟ್ ಅಂತ. ಬ್ರೂಸ್ ಬೌಲಿಂಗ್, ಆಲ್ ಗ್ರಿಪ್ಪೋ ಅನ್ನೋ ಇಬ್ಬರು 2001ರ ಹೊತ್ತಿಗೆ, ಮನೇಲೇ ಕೂತು ಬೆಸುಗೆ ಹಾಕಿ ಕಟ್ಟಿಕೊಳ್ಳೋ ಹಾಗೆ ಹೊರತಂದದ್ದು. ಸರ್ಕ್ಯೂಟ್ ನಕ್ಷೆ ಸಿಗುತ್ತೆ. ಯಾವ ಭಾಗ ಸುಟ್ಟಿದೆ ಅಂತ ಹುಡುಕಿ ಅದೊಂದನ್ನೇ ಬದಲಾಯಿಸಬಹುದು. ವೈರಿಗೆ ಬಣ್ಣ ಬಣ್ಣ ಬಳಸಿ, ಎರಡೂ ತುದೀಲಿ ಹೆಸರು ಅಂಟಿಸ್ತೀನಿ. ಉಳಿದದ್ದು, ನೀವು ಹೇಳಿದ್ದು, ಕಣ್ಣಿಗೆ ಕಾಣೋದು. ಅದನ್ನ ಹೇಗೆ ಮಾಡೋದು ಅಂತ ನನಗಿನ್ನೂ ಹೊಳೆದಿಲ್ಲ.

ಮೂರು ವಾರ ಕಳೆದಿದೆ. ಇಂಜಿನ್ನಿನ ಪಕ್ಕದಲ್ಲಿ ಆರು ಅಲ್ಯೂಮಿನಿಯಂ ಬಾಯಿಗಳು ಸಾಲಾಗಿ ಕೂತಿವೆ. ಕ್ರ್ಯಾಂಕ್ ಪುಲ್ಲಿಯ ಮೇಲೆ ಹೊಸದೊಂದು ಹಲ್ಲಿನ ಚಕ್ರ.

ದೊಡ್ಡಪ್ಪ: ಈ ಚಕ್ರದಲ್ಲಿ ಒಂದು ಹಲ್ಲು ಬಿದ್ದೋಗಿದೆಯಲ್ಲ?

ಮಗಳು: ಬೇಕಂತಲೇ ಬಿಟ್ಟದ್ದು. 36 ಹಲ್ಲಿನ ಜಾಗ, ಇರೋದು 35. ಹಲ್ಲಿಗೆ ಹತ್ತು ಡಿಗ್ರಿ. ಸೆನ್ಸರ್ ಮುಂದೆ ಖಾಲಿ ಜಾಗ ಬಂದಾಗ, ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ಗೊತ್ತಾಗುತ್ತೆ. ಪೆಟ್ರೋಲ್ ಒತ್ತಡ ಬಂದಿದೆ, ಎಲ್ಲೂ ಸೋರ್ತಿಲ್ಲ. ಕಿಡಿಯ ಟೈಮಿಂಗನ್ನ ಹತ್ತು ಡಿಗ್ರೀಲಿ ಕಟ್ಟಿ ಹಾಕಿದೀನಿ. ಕೀ ತಿರುಗಿಸಲಾ?

ದೊಡ್ಡಪ್ಪ: ತಾಳು. ಟೈಮಿಂಗ್ ಲೈಟ್ ಕೊಡು ಇಲ್ಲಿ. ನಿನ್ನ ಸ್ಕ್ರೀನು ಹತ್ತು ಅಂದ್ರೆ ಸಾಲದು, ಪುಲ್ಲಿಯ ಗುರುತೂ ಹತ್ತು ಅನ್ನಬೇಕು. ಈಗ ತಿರುಗಿಸು. ಹತ್ತಿತು! ಹಾಗೇ ಇರಲಿ, ಆಕ್ಸಿಲರೇಟರ್ ಮುಟ್ಟಬೇಡ. ನೋಡಮ್ಮ, ಗುರುತು ಹದಿನಾಲ್ಕರಲ್ಲಿ ನಿಂತಿದೆ.

ಮಗಳು: ನಾಲ್ಕು ಡಿಗ್ರಿ ವ್ಯತ್ಯಾಸ! ಸೆನ್ಸರ್ ಕೂತ ಜಾಗದ್ದು. ತಿದ್ದುತೀನಿ. ಈಗ?

ದೊಡ್ಡಪ್ಪ: ಹತ್ತು. ಈಗ ಅದು ಹೇಳೋದೂ ಇಲ್ಲಿ ಕಾಣೋದೂ ಒಂದೇ ಆಯ್ತು. ಹಾಗೇ ಬಿಟ್ಟು ಓಡಿಸಿದ್ದಿದ್ರೆ ಪ್ರತಿ ಕಿಡಿಯೂ ನಾಲ್ಕು ಡಿಗ್ರಿ ಮುಂಚೆ ಬಿದ್ದು, ಏರಲ್ಲಿ ಇಂಜಿನ್ ಕಟಕಟ ಅಂತ ಬಡಿದುಕೊಳ್ಳೋದು. ಸ್ಕ್ರೀನಲ್ಲಿ ಎಲ್ಲಾ ಸರಿ ಅಂತಲೇ ಇರೋದು.

ಮಗಳು: ಇನ್ನು ಆರು ಬಾಯಿಗೂ ಗಾಳಿ ಸಮ ಮಾಡಬೇಕು. ಮೀಟರ್ ಇದೆ.

ದೊಡ್ಡಪ್ಪ: ಮೀಟರ್ ಆಮೇಲೆ. ಒಂದು ಮೊಳ ರಬ್ಬರ್ ಪೈಪ್ ಕೊಡು. ಒಂದು ತುದಿ ಕಿವೀಲಿ, ಇನ್ನೊಂದು ಬಾಯಿಯ ಅಂಚಲ್ಲಿ. ಒಂದು, ಎರಡು ಸರಿ. ಮೂರು, ನಾಲ್ಕು ಸರಿ. ಐದು, ಆರರಲ್ಲಿ ಸಿಳ್ಳೆ ಸಣ್ಣಗಿದೆ. ಸ್ಕ್ರೂ ಒಂದು ಕಾಲು ಸುತ್ತು ಬಿಡು. ಸಾಕು. ಈಗ ನಿನ್ನ ಮೀಟರ್ ಇಡು.

ಮಗಳು: ಮೂರು ಜೋಡೀನೂ ಸಮ ತೋರಿಸ್ತಿದೆ ದೊಡ್ಡಪ್ಪ!

ದೊಡ್ಡಪ್ಪ: ಈ ವಾಸನೆ ನೋಡು, ಇನ್ನೂ ಸ್ವಲ್ಪ ಪೆಟ್ರೋಲ್ ಜಾಸ್ತಿ ಇದೆ. ಕಣ್ಣು ಉರೀತಿದೆ.

ಮಗಳು: ಎಕ್ಸಾಸ್ಟಲ್ಲಿರೋ ಆಕ್ಸಿಜನ್ ಸೆನ್ಸರ್ 12.4 ಅಂತಿದೆ. ಹೌದು, ಜಾಸ್ತಿ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನೋದು ಎಥೆನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. ಹತ್ತು ಭಾಗ ಬೆರೆತದ್ದಕ್ಕೆ 14.1ರ ಹತ್ತಿರ. ನಿಮ್ಮ ಊರಿನ ಇಪ್ಪತ್ತಕ್ಕೆ ಹದಿಮೂರೂವರೆ. ನಾನು ಈ ನಾಲ್ಕು ಮನೆ ಇಳಿಸ್ತೀನಿ, ನೀವು ಕೇಳಿ ಹೇಳಿ. ಇಷ್ಟು?

ದೊಡ್ಡಪ್ಪ: ಇನ್ನೂ ಇಳಿಸು. ಹಾಂ, ಇನ್ನು ಸಾಕು, ಅಲುಗಾಡೋಕೆ ಶುರು ಮಾಡ್ತು. ಒಂದು ಹೆಜ್ಜೆ ಹಿಂದೆ ಬಾ. ಇಲ್ಲಿ ನಿಲ್ಲಿಸು. ಹೀಗೆ ಆ 256 ಮನೇನೂ ತುಂಬಬೇಕಾ?

ಮಗಳು: ರಸ್ತೇಲಿ ಓಡಿಸ್ತಾ ಓಡಿಸ್ತಾ ತುಂಬಬೇಕು. ತಿಂಗಳು ಹಿಡಿಯುತ್ತೆ.

ದೊಡ್ಡಪ್ಪ: ಹಾಗಾದ್ರೆ ಅವತ್ತು ನೀನು ಕೇಳಿದ್ದಕ್ಕೆ ಈಗ ಹೇಳ್ತೀನಿ, ಕಣ್ಣಿಗೆ ಕಾಣೋ ಹಾಗೆ ಹೇಗೆ ಮಾಡೋದು ಅಂತ. ಒಂದು ದಪ್ಪ ನೋಟ್‌ಬುಕ್ ತಗೋ. ಈ ಚೌಕವನ್ನ ಕೈಯಲ್ಲೇ ಎಳೆದು, ಒಂದೊಂದು ಸಂಖ್ಯೇನೂ ಪೆನ್ಸಿಲಲ್ಲಿ ಬರಿ. ತಿದ್ದಿದಾಗ ಅಳಿಸಬೇಡ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆದು, ಯಾಕೆ ಅಂತಲೂ ಬರಿ. ವಾಸನೆ ಬಂತು, ಅದಕ್ಕೆ ಇಳಿಸಿದೆ. ಏರಲ್ಲಿ ಮಿಸ್ಸಿಂಗ್ ಹೊಡೀತು, ಅದಕ್ಕೆ ಏರಿಸಿದೆ. ಲ್ಯಾಪ್‌ಟಾಪ್ ಕೆಟ್ರೂ, ಈ ಡಬ್ಬಿ ಮಾಡೋರು ಇಲ್ಲದೇ ಹೋದ್ರೂ, ಇನ್ನೊಂದು ಡಬ್ಬಿಗೆ ಈ ಸಂಖ್ಯೆ ಸಿಗುತ್ತೆ. ಇಂಜಿನ್ ಕೇಳೋದು ಬದಲಾಗಲ್ಲ ತಾನೆ.

ಮಗಳು: ನನಗೆ ಇದು ಹೊಳೀಲೇ ಇಲ್ಲ. ಫೈಲು ನಾಲ್ಕು ಕಡೆ ಉಳಿಸಿಟ್ಟಿದೀನಿ, ಆದ್ರೆ ಅದರಲ್ಲಿ ‘ಯಾಕೆ’ ಅನ್ನೋದು ಎಲ್ಲೂ ಇಲ್ಲ.

ದೊಡ್ಡಪ್ಪ: ಆ ಸೂಜಿ ಎಲ್ಲಿ? ಕಾರ್ಬೊರೇಟರಿಗೆ ಹೊಸದು ಹಾಕಿ, ಎಣ್ಣೆ ಸವರಿ, ಡಬ್ಬಕ್ಕೆ ಸೇರಿಸಿದ್ದಾಯ್ತಲ್ಲ. ಈ ಸವೆದ ಸೂಜೀನ ಮೊದಲ ಪುಟಕ್ಕೆ ಟೇಪ್ ಹಾಕಿ ಅಂಟಿಸು. ಹೊಳೆಯೋ ಕಡೆ ಮೇಲಿರಲಿ. ಅದರ ಎದುರು ಪುಟದಲ್ಲಿ ನಿನ್ನ ಚೌಕ. ತಾರೀಖು ಹಾಕು. ಯಾವ ಊರು, ಎಷ್ಟು ಎತ್ತರ, ಯಾವ ಪೆಟ್ರೋಲು, ಹೊರಗೆ ಎಷ್ಟು ಬಿಸಿ ಅಂತ ಬರಿ.

ಮಗಳು: ಬರೆದೆ. ಮೊದಲ ಸಂಖ್ಯೆ ನೀವೇ ಬರೀತೀರಾ?

ದೊಡ್ಡಪ್ಪ: ಕೊಡು. ಕನ್ನಡಕ ಹಾಕ್ಕೋತೀನಿ ಇರು. ಯಾವ ಮನೆ? ಇಲ್ಲಿ, ಸ್ಲೋ ಸ್ಪೀಡಿನದ್ದು ತಾನೆ? ಮೂವತ್ತೆಂಟು. ಪಕ್ಕದಲ್ಲಿ ಬರೀತೀನಿ: ಕಣ್ಣು ಉರಿ ನಿಂತಿತು.